ವಿಚ್ಛೇದನದ ಅರ್ಜಿ: ನೋವಿನ ಜೊತೆ ತಾರೀಖೂ ಬೇಕು

ವಿಚ್ಛೇದನ ಬೇಕು ಅಂತ ಬರುವವರು ಮೊದಲು ಹೇಳಿಕೊಳ್ಳುವುದು ನೋವನ್ನು. ಅದನ್ನು ಸಮಾಧಾನವಾಗಿ ಕೇಳಲೇಬೇಕು. ಆದರೆ ಅರ್ಜಿ ಬರೆಯಲು ಕೂತಾಗ ನಮಗೆ ತಾರೀಖುಗಳು ಬೇಕು. ಮದುವೆ ಯಾವತ್ತು, ಎಲ್ಲಿ ಆಯಿತು? ಕೊನೆಗೆ ಇಬ್ಬರೂ ಒಟ್ಟಿಗೆ ಇದ್ದದ್ದು ಯಾವ ಊರಲ್ಲಿ, ಯಾವ ತಿಂಗಳವರೆಗೆ? ವಕೀಲರ ಹತ್ತಿರ ಹೋಗುವ ಮೊದಲೇ ಇದನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಮದುವೆಯಾಗಿ ಒಂದು ವರ್ಷ ಆಗುವ ಮೊದಲು ಸಾಮಾನ್ಯವಾಗಿ ಅರ್ಜಿ ಹಾಕುವಂತಿಲ್ಲ. ಯಾವ ಊರಿನ ಕೋರ್ಟು ಎಂಬುದೂ ಆ ಹಾಳೆಯಿಂದಲೇ ತಿಳಿಯುತ್ತದೆ: ಮದುವೆಯಾದ ಊರು, ಎದುರು ಪಕ್ಷದವರು ಇರುವ ಊರು, ಕೊನೆಗೆ ಒಟ್ಟಿಗಿದ್ದ ಊರು. ಅರ್ಜಿ ಹಾಕುವವರು ಹೆಂಡತಿಯಾದರೆ ಆಕೆ ಈಗ ಇರುವ ಊರಲ್ಲೂ ಹಾಕಬಹುದು.

ಕ್ರೌರ್ಯದ ಕಾರಣ ಕೊಡುವಾಗ ತಾರೀಖಿಗೆ ಇನ್ನೂ ಜಾಸ್ತಿ ಬೆಲೆ. 'ಯಾವಾಗಲೂ ಬೈಯುತ್ತಿದ್ದರು' ಅಂತ ಬರೆದರೆ ನ್ಯಾಯಾಧೀಶರಿಗೆ ಏನೂ ಕಾಣುವುದಿಲ್ಲ. '2022ರ ಮಾರ್ಚಿನಲ್ಲಿ ಗಂಡ ನನ್ನನ್ನು ಅತ್ತೆ, ನಾದಿನಿಯ ಮುಂದೆ ಹೊಡೆದರು, ಮರುದಿನ ಆಸ್ಪತ್ರೆಗೆ ತೋರಿಸಿ ತವರಿಗೆ ಹೋದೆ' ಅಂದರೆ ಘಟನೆ ಕಣ್ಣಿಗೆ ಕಟ್ಟುತ್ತದೆ. ಆಸ್ಪತ್ರೆಯ ಚೀಟಿ ಅದಕ್ಕೆ ಸಾಕ್ಷಿಯಾಗುತ್ತದೆ. ಇಂಥ ನಾಲ್ಕೈದು ಘಟನೆ ಸರಿಯಾಗಿ ಬಂದರೆ ಹತ್ತು ಪುಟದ ದೂರಿಗಿಂತ ಗಟ್ಟಿ. ಆಮೇಲೆ ರಾಜಿಯಾಗಿ ಮತ್ತೆ ಒಟ್ಟಿಗೆ ಇದ್ದಿದ್ದರೆ ಅದನ್ನೂ ಹೇಳಿಬಿಡಿ. ಕ್ಷಮಿಸಿ ಮುಂದುವರಿದಿದ್ದಾರೆಯೇ ಎಂದು ಕೋರ್ಟು ನೋಡುತ್ತದೆ. ಮುಚ್ಚಿಟ್ಟದ್ದು ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವ ಪಾಟೀಸವಾಲಿನಲ್ಲಿ ಹೊರಗೆ ಬಂದರೆ ನಿಜ ಹೇಳಿದ್ದನ್ನೂ ಯಾರೂ ನಂಬುವುದಿಲ್ಲ. ಅರ್ಜಿಯ ಜೊತೆ ಪ್ರಮಾಣ ಮಾಡಿ ಸಹಿ ಹಾಕುವವರು ನೀವು, ವಕೀಲರಲ್ಲ. ಕೋಪದಲ್ಲಿ ಒಂದು ಸಾಲು ಜಾಸ್ತಿ ಸೇರಿಸಬೇಡಿ.

ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಪತ್ರ, ಇಬ್ಬರ ವಿಳಾಸದ ದಾಖಲೆ, ಮಕ್ಕಳ ಜನನ ಪತ್ರ ಹೇಗೂ ಬೇಕು. ಲಗ್ನಪತ್ರಿಕೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅರ್ಜಿಯಲ್ಲಿ ಎರಡನ್ನೂ ಬರೆಸಿ. ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ಮಾತ್ರ ಇಟ್ಟುಕೊಂಡು ಫೋನ್ ಮಾರಿಬಿಡಬೇಡಿ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಇಂಥ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರ ಒಂದು ಭಾಗವನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು.

ಜೀವನಾಂಶ ಕೇಳುವುದಿದ್ದರೆ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಇಬ್ಬರೂ ಕೊಡಬೇಕು. 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಮಾಡಿದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆದಿಡಿ.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಜಂಟಿ ಅರ್ಜಿ. ಒಂದು ವರ್ಷ ಬೇರೆ ಇದ್ದಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಇಲ್ಲಿ ತುಂಬಾ ಒತ್ತಿ ಹೇಳುವುದು ಒಪ್ಪಂದದ ಷರತ್ತುಗಳ ಬಗ್ಗೆ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವವರೆಗೆ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ 'ಹಣ ಕೊಡಲು ಒಪ್ಪಿದ್ದಾರೆ' ಎಂಬಷ್ಟಕ್ಕೆ ಸಹಿ ಹಾಕಬೇಡಿ. ಎಷ್ಟು, ಯಾವ ಹಂತದಲ್ಲಿ, ಡಿಡಿಯೋ ಬ್ಯಾಂಕ್ ವರ್ಗಾವಣೆಯೋ, ಒಡವೆ ಯಾವತ್ತು ವಾಪಸ್ಸು, ರಜೆಯಲ್ಲಿ ಮಗು ಯಾರ ಹತ್ತಿರ: ಎಲ್ಲವೂ ಅರ್ಜಿಯಲ್ಲೇ ಇರಲಿ.