ಹೊಸ ಒಲೆ ಕೊಳ್ಳುವ ಮುಂಚೆ ಹಂಚು ನೋಡಿ

ಹುಬ್ಬಳ್ಳಿಯ ದುರ್ಗದ ಬೈಲ್ ಕಡೆಯ ಅಂಗಡಿಯಿರಲಿ, ಧಾರವಾಡದ ಸುಭಾಷ್ ರಸ್ತೆಯದಿರಲಿ, ಒಲೆ ಕೊಳ್ಳಲು ಹೋದವರಿಗೆ ಮೊದಲು ತೋರಿಸುವುದು ಗಾಜಿನ ಅಂದ. ಕಪ್ಪು ಗಾಜು, ಹೂವಿನ ಗಾಜು, ಕಡ್ಡಿ ಗೀರದೆ ಹೊತ್ತಿಕೊಳ್ಳುವ ಗುಂಡಿ. ಜೊತೆಗೆ ಬಂದ ಅವ್ವನೋ ಅತ್ತೆಯೋ ಇದನ್ನೆಲ್ಲ ನೋಡಿ ಕೊನೆಗೆ ಕೇಳುವುದು ಒಂದೇ: "ಇದರ ಮ್ಯಾಲೆ ರೊಟ್ಟಿ ಚಲೋ ಉಬ್ಬತಾವೇನ್ರಿ?" ಅಂಗಡಿಯವರು "ಯಾಕ ಉಬ್ಬಂಗಿಲ್ರಿ, ಉಬ್ಬತಾವ" ಅಂದು ಬಿಲ್ ಪುಸ್ತಕ ತೆಗೆಯುತ್ತಾರೆ.

ಪ್ರಶ್ನೆ ಸರಿಯಾಗಿದೆ. ಉತ್ತರ ಮಾತ್ರ ಅವಸರದ್ದು. ಒಲೆ ಎಷ್ಟು ಬಿಸಿಯಾಗುತ್ತದೆ ಎನ್ನುವುದಕ್ಕಿಂತ ಆ ಬಿಸಿ ಎಲ್ಲಿಗೆ, ಹೇಗೆ ತಲುಪುತ್ತದೆ ಎನ್ನುವುದು ನಮ್ಮ ಕಡೆಯ ಅಡುಗೆಗೆ ಮುಖ್ಯ. ಅನ್ನ, ಬೇಳೆ, ಚಹಾ ಯಾವ ಒಲೆಯ ಮೇಲೂ ಆಗುತ್ತವೆ. ಜೋಳದ ರೊಟ್ಟಿ ಹಾಗಲ್ಲ.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲುಟನ್ ಇಲ್ಲ. ಹಾಗಾಗಿ ಹಿಟ್ಟಿಗೆ ಎಳೆದರೆ ಹಿಗ್ಗುವ ಗುಣವಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದುವುದು. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜೋಳದ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟೇ ಗ್ಲುಟನ್ ಮಾಡಬೇಕಾದ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತೇವಲ್ಲ, ಅದರಿಂದ ಒಣ ಹಿಟ್ಟು ಹೋಗುತ್ತದೆ, ಮೇಲ್ಮೈ ಬೇಗ ಒಣಗಿ ಬಿರಿಯುವುದೂ ತಪ್ಪುತ್ತದೆ. ತಿರುವಿ ಹಾಕುವ ಹೊತ್ತಿಗೆ ಎರಡೂ ಕಡೆ ತೆಳ್ಳನೆಯ ಪದರ ಗಟ್ಟಿಯಾಗಿರುತ್ತದೆ, ನಡುವೆ ಮಾತ್ರ ಹಸಿ. ಈಗ ಜೋರಾಗಿ ಬಿಸಿ ಕೊಟ್ಟರೆ ನಡುವಿನ ನೀರು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು. ಅದು ಎರಡು ಪದರಗಳನ್ನು ಬೇರೆ ಮಾಡಿ ನೂಕುತ್ತದೆ, ರೊಟ್ಟಿ ಉಬ್ಬುತ್ತದೆ.

ಇಲ್ಲೊಂದು ಪೈಪೋಟಿ ಇದೆ. ಅಂಚಿನ ಸಣ್ಣ ಬಿರುಕುಗಳಲ್ಲಿ ಆವಿ ಸೋರುತ್ತಲೇ ಇರುತ್ತದೆ. ಸೋರುವುದಕ್ಕಿಂತ ಬೇಗ ಹೊಸ ಆವಿ ಹುಟ್ಟಬೇಕು. ಬಿಸಿ ನಿಧಾನವಾಗಿ ಬಂದರೆ ರೊಟ್ಟಿ ಬೇಯುತ್ತದೆ, ಆದರೆ ಉಬ್ಬುವುದಿಲ್ಲ, ಒಣಗಿ ಹಪ್ಪಳದಂತಾಗುತ್ತದೆ. ನಡುವೆ ಮಾತ್ರ ಬಿಸಿಯಿದ್ದು ಅಂಚು ತಣ್ಣಗಿದ್ದರೆ ಅರ್ಧ ಉಬ್ಬಿ ನಿಲ್ಲುತ್ತದೆ. ಕಟ್ಟಿಗೆ ಒಲೆಯಲ್ಲಿ ಕೆಂಡದ ಮುಂದೆ ರೊಟ್ಟಿ ನಿಲ್ಲಿಸಿ ಸುಡುವುದು ಇದಕ್ಕೇ. ಕೆಂಡದಿಂದ ಹೊರಡುವ ಶಾಖ ಮುಟ್ಟದೆಯೇ ಇಡೀ ರೊಟ್ಟಿಯ ಮೇಲೆ ಒಮ್ಮೆಲೇ ಬೀಳುತ್ತದೆ.

ಗ್ಯಾಸಿನ ಉರಿ ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಬರ್ನರಿನ ಸುತ್ತ ಹೊರಟ ಬಿಸಿ ಗಾಳಿ ಹಂಚಿನ ತಳ ಸವರಿಕೊಂಡು ಅಂಚಿನವರೆಗೂ ಹೋಗುತ್ತದೆ. ಹಂಚು ಚಪ್ಪಟೆಯಿರಲಿ, ತಗ್ಗಾಗಿರಲಿ, ಹಳೆಯದಾಗಿ ಸೊಟ್ಟಗಾಗಿರಲಿ, ಉರಿಗೆ ಬೇಸರವಿಲ್ಲ. ಹಂಚು ಸರಿಸಿ ರೊಟ್ಟಿಯನ್ನು ನೇರವಾಗಿ ಉರಿಗೂ ಹಿಡಿಯಬಹುದು. ನಷ್ಟವೂ ಅಲ್ಲೇ ಇದೆ: ಹಂಚನ್ನು ದಾಟಿ ಮೇಲೆ ಹೋದ ಬಿಸಿ ನಿಮ್ಮ ಮುಖಕ್ಕೆ, ಅಡುಗೆಮನೆಗೆ ಹೋಯಿತು. ಮನೆಬಳಕೆಯ ಎಲ್‌ಪಿಜಿ ಒಲೆಗೆ ಐಎಸ್‌ಐ ಗುರುತು ಸಿಗಬೇಕಾದರೆ ಕನಿಷ್ಠ 68 ಶೇಕಡಾ ಶಾಖ ಪಾತ್ರೆಗೆ ಸೇರಬೇಕೆಂಬ ನಿಯಮವಿದೆ. ಅದು ಪರೀಕ್ಷೆಯ ಪಾತ್ರೆಯಲ್ಲಿ ಬರುವ ಲೆಕ್ಕ. ದೊಡ್ಡ ಬರ್ನರಿನ ಮೇಲೆ ಸಣ್ಣ ಚಹಾ ಬೋಗುಣಿ ಇಟ್ಟು ಉರಿ ಪಕ್ಕಕ್ಕೆ ಚಾಚಿದರೆ ಅಷ್ಟೂ ಸಿಗುವುದಿಲ್ಲ.

ಹಾಗಾದರೆ ಗ್ಯಾಸ್ ಒಲೆಯಲ್ಲಿ ಏನು ನೋಡಬೇಕು? ನನ್ನ ಮಟ್ಟಿಗೆ ಮೊದಲನೆಯದು ಬರ್ನರುಗಳ ನಡುವಿನ ಅಂತರ. ನಾಲ್ಕು ಬರ್ನರಿನ ಒಲೆ ನೋಡಲು ಭರ್ಜರಿ. ಆದರೆ ರೊಟ್ಟಿ ಹಂಚು 12 ಇಂಚು ಅಗಲವಿದ್ದರೆ, ಪಕ್ಕದ ಪಾತ್ರೆಯೂ ಅಷ್ಟೇ ಅಗಲದ್ದಾದರೆ, ಎರಡು ಬರ್ನರುಗಳ ನಡುಬಿಂದುಗಳ ನಡುವೆ ಕನಿಷ್ಠ 12 ಇಂಚು ಬೇಕು. ತುಂಬಾ ಒಲೆಗಳಲ್ಲಿ ಅಷ್ಟಿರುವುದಿಲ್ಲ. ಹಂಚು ಕೂತರೆ ಪಕ್ಕದ ಬರ್ನರ್ ಸುಮ್ನೆ ನೋಡುತ್ತಾ ಕೂರುತ್ತದೆ. ನಾಲ್ಕಕ್ಕೆ ದುಡ್ಡು ಕೊಟ್ಟು ಎರಡನ್ನೇ ಉರಿಸುವ ಮನೆಗಳು ಕಡಿಮೆಯೇನಿಲ್ಲ. ಅಂಗಡಿಗೆ ಹೋಗುವಾಗ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾರಾದರೂ ನಕ್ಕರೆ ನಗಲಿ. ಒಲೆಯ ಮೇಲೆ ಇಟ್ಟು ಅಲುಗಾಡಿಸಿ ನೋಡಿ, ಕಾಲು ಜಾರುತ್ತದೆಯೇ, ಪಕ್ಕದ ಪಾತ್ರೆಗೆ ತಾಗುತ್ತದೆಯೇ ಎಂದು.

ಎರಡನೆಯದು ಉರಿಯ ಬಣ್ಣ. ಗ್ಯಾಸು ಸಣ್ಣ ತೂತಿನಿಂದ ರಭಸವಾಗಿ ಹೊರಟಾಗ ಸುತ್ತಲಿನ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹೊತ್ತುವ ಮುಂಚೆಯೇ ಗಾಳಿ ಬೆರೆತಿದ್ದರೆ ಉರಿ ನೀಲಿ. ಗಾಳಿ ಕಡಿಮೆಯಾದರೆ ಸುಡದೇ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಅವೇ ಪಾತ್ರೆಯ ತಳಕ್ಕೆ ಹತ್ತುವ ಮಸಿ. ಬರ್ನರಿನ ತೂತುಗಳಲ್ಲಿ ಹಾಲು ಉಕ್ಕಿ ಕಟ್ಟಿಕೊಂಡಾಗಲೂ ಹೀಗೆಯೇ ಆಗುತ್ತದೆ. ಹಾಗಾಗಿ ಸುಲಭವಾಗಿ ಬಿಚ್ಚಿ ತೊಳೆಯಲು ಬರುವ ಬರ್ನರ್ ಒಳ್ಳೆಯದು, ಗಾಜಿನ ಹೂವಿಗಿಂತ.

ಅವಳಿ ನಗರದ ಕೆಲವು ಬಡಾವಣೆಗಳಿಗೆ ಈಗ ಪೈಪಿನಲ್ಲಿ ಗ್ಯಾಸ್ ಬರುತ್ತಿದೆ. ಅದು ಬಹುಪಾಲು ಮೀಥೇನ್. ಸಿಲಿಂಡರಿನದು ಪ್ರೊಪೇನ್ ಮತ್ತು ಬ್ಯೂಟೇನ್. ಅಷ್ಟೇ ಗಾತ್ರದ ಮೀಥೇನಿಗಿಂತ ಸಿಲಿಂಡರ್ ಗ್ಯಾಸಿನಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ ಶಾಖವಿದೆ. ಆದ್ದರಿಂದ ಪೈಪಿನ ಗ್ಯಾಸಿಗೆ ಒಲೆಯ ಜೆಟ್ಟಿನ, ಅಂದರೆ ಗ್ಯಾಸು ಹೊರಬರುವ ಸಣ್ಣ ಮೂತಿಯ, ತೂತು ದೊಡ್ಡದಿರಬೇಕು. ಇಂದಲ್ಲ ನಾಳೆ ಸಂಪರ್ಕ ತೆಗೆದುಕೊಳ್ಳುವ ಯೋಚನೆ ಇದ್ದರೆ, ಜೆಟ್ ಬದಲಿಸಲು ಬರುವ ಒಲೆಯನ್ನೇ ಕೇಳಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ಮೀಥೇನ್ ಹಗುರ, ಮೇಲಕ್ಕೇರುತ್ತದೆ. ಕಿಟಕಿ ಎಲ್ಲಿದೆ ಎನ್ನುವುದಕ್ಕೂ ಇದಕ್ಕೂ ಸಂಬಂಧವಿದೆ.

ಇನ್ನೊಂದು ಮಾತು, ಧಾರವಾಡದ ಮಳೆಗಾಲ ಕಂಡವರಿಗೆ. ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. 14.2 ಕೆಜಿಯ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಮಿಕ್ಕಿ ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಜುಲೈ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡಿದರೆ ಗೋಡೆ ಬೆವರುವುದು ಬರೀ ಮಳೆಯಿಂದಲ್ಲ. ಉರಿಯಿಂದ ಒಂದಿಷ್ಟು ನೈಟ್ರೋಜನ್ ಡೈಆಕ್ಸೈಡ್ ಕೂಡ ಬರುತ್ತದೆ, ಅದು ಉಸಿರಿಗೆ ಒಳ್ಳೆಯದಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿಸಲು ದುಡ್ಡು ಉಳಿಸಿಕೊಂಡು ಒಲೆ ಕೊಳ್ಳಿ.

ಈಗ ಇಂಡಕ್ಷನ್. ಅದರ ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ. ಜೊತೆಗೇ ಕಾಂತಕ್ಷೇತ್ರವೂ ತಿರುಗಿ ತಿರುಗಿ ಬೀಳುತ್ತದೆ. ಆ ಕ್ಷೇತ್ರ ಕಬ್ಬಿಣದ ತಳವನ್ನು ಹೊಕ್ಕಾಗ ಲೋಹದ ಒಳಗೇ ಸುಳಿ ಸುಳಿಯಾಗಿ ವಿದ್ಯುತ್ ಹರಿದು ಪಾತ್ರೆ ತಾನೇ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ. ನಡುವೆ ಗಾಳಿ ಕಾಯಿಸುವ ಕೆಲಸ ಇಲ್ಲದ್ದರಿಂದ ಸುಮಾರು 85 ಶೇಕಡಾ ಶಕ್ತಿ ಪಾತ್ರೆಗೆ ಸೇರುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಇದರ ಮೇಲೆ ಸರಿಯಾಗಿ ಕಾಯುವುದಿಲ್ಲ. ಅವು ಕಾಂತಕ್ಕೆ ಅಂಟುವುದಿಲ್ಲ, ವಿದ್ಯುತ್ತನ್ನು ತಡೆಯುವುದೂ ತೀರ ಕಡಿಮೆ. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ತೆಗೆದು ಮನೆಯ ಪಾತ್ರೆಗಳ ತಳಕ್ಕೆ ಹಿಡಿದು ನೋಡಿ. ಅಂಟದವೆಲ್ಲ ಅಟ್ಟ ಸೇರಬೇಕು, ಹೊಸವು ಬರಬೇಕು. ಇಂಡಕ್ಷನಿನ ಬೆಲೆಯ ಜೊತೆ ಈ ಬೆಲೆಯನ್ನೂ ಕೂಡಿಸಿ.

ಕಬ್ಬಿಣದ ಹಂಚು ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಹಾಗಾದರೆ ರೊಟ್ಟಿಗೆ ತೊಂದರೆ ಏನು? ಎರಡು. ಕಾಂತಕ್ಷೇತ್ರ ಸುರುಳಿಯಿಂದ ಸ್ವಲ್ಪ ದೂರ ಹೋದರೂ ಬಲ ಕಳೆದುಕೊಳ್ಳುತ್ತದೆ. ತಳ ಉಬ್ಬಿದ ಹಂಚು ನಡುವೆ ಮಾತ್ರ ಗಾಜನ್ನು ಮುಟ್ಟುತ್ತದೆ, ಅಂಚು ಗಾಳಿಯಲ್ಲಿರುತ್ತದೆ. ಚಪ್ಪಟೆ ಹಂಚೇ ಆದರೂ, ಒಳಗಿನ ಸುರುಳಿ ಸಾಮಾನ್ಯವಾಗಿ ಏಳೆಂಟು ಇಂಚು ಅಗಲದ್ದು, ಅದರ ಆಚೆಯ ಕಬ್ಬಿಣ ನೇರವಾಗಿ ಕಾಯುವುದಿಲ್ಲ. ಬಿಸಿ ನಡುವಿನಿಂದ ಹರಿದು ಬರಬೇಕು, ಕಬ್ಬಿಣದಲ್ಲಿ ಅದು ನಿಧಾನ. ಅಲ್ಯೂಮಿನಿಯಂಗೆ ಹೋಲಿಸಿದರೆ ಕಬ್ಬಿಣ ಶಾಖ ಸಾಗಿಸುವುದು ಸುಮಾರು ಕಾಲು ಭಾಗದಷ್ಟು ಮಾತ್ರ. ಸಣ್ಣ ರೊಟ್ಟಿ ಬಡಿದು, ದಪ್ಪ ಚಪ್ಪಟೆ ಹಂಚನ್ನು ಚೆನ್ನಾಗಿ ಕಾಯಿಸಿ, ಬಟ್ಟೆಯಿಂದ ಒತ್ತುತ್ತಾ ಹೋದರೆ ಇಂಡಕ್ಷನ್ ಮೇಲೂ ರೊಟ್ಟಿ ಉಬ್ಬುತ್ತದೆ. ಇಬ್ಬರ ಮನೆಗೆ ಸಾಕು. ಬೀಗರು ಬಂದ ದಿನ ಸಾಲದು.

ಪೇಢೆ, ಖವಾ, ಪಾಯಸದಂಥ ನಿಧಾನದ ಕೆಲಸಕ್ಕೂ ಒಂದು ಎಚ್ಚರಿಕೆ ಬೇಕು. ಅಗ್ಗದ ಇಂಡಕ್ಷನ್ ಒಲೆಗಳು ಸಣ್ಣ ಉರಿಗೆ ಇಳಿಸಿದಾಗ ನಿಜವಾಗಿ ಸಣ್ಣ ಉರಿ ಕೊಡುವುದಿಲ್ಲ. ಕೆಲವು ಸೆಕೆಂಡು ಜೋರಾಗಿ ಕಾಯಿಸಿ, ಕೆಲವು ಸೆಕೆಂಡು ಪೂರ್ತಿ ನಿಲ್ಲಿಸಿ, ಸರಾಸರಿ ಸರಿದೂಗಿಸುತ್ತವೆ. ಸಾರಿಗೆ ಇದರಿಂದ ಏನೂ ಆಗುವುದಿಲ್ಲ. ತೆಳು ತಳದ ಪಾತ್ರೆಯಲ್ಲಿ ಹಾಲು ಮಾತ್ರ ಆ ಜೋರಿನ ಸೆಕೆಂಡುಗಳಲ್ಲೇ ತಳ ಹಿಡಿಯುತ್ತದೆ. ಧಾರವಾಡ ಪೇಢೆಯ ಕಂದು ಬಣ್ಣ, ಪರಿಮಳ ಎರಡಕ್ಕೂ ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕಾವಿನಲ್ಲಿ ಒಂದರ ಜೊತೆ ಇನ್ನೊಂದು ಸೇರುವ ಕ್ರಿಯೆ ಕಾರಣ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರೇ ಅದಕ್ಕಿದೆ. ಅದು ನಡೆಯಲು ಹದವಾದ, ಬಿಡದ ಕಾವು ಬೇಕು. ಹಾಗಾಗಿ ಅಂಗಡಿಯಲ್ಲಿ ನೀರು ಕುದಿಯುವ ವೇಗ ತೋರಿಸಿದರೆ ಮರುಳಾಗಬೇಡಿ, ಎಲ್ಲಕ್ಕಿಂತ ಸಣ್ಣ ಕಾವಿಗೆ ಇಳಿಸಿ ತೋರಿಸಿ ಅನ್ನಿ.

ಖರ್ಚಿನ ಲೆಕ್ಕಕ್ಕೆ ಬರೋಣ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ನೀರು ಇಲ್ಲಿ 97, 98 ಡಿಗ್ರಿಗೇ ಕುದಿಯುತ್ತದೆ. ಒಂದು ಲೀಟರ್ ನೀರು ಕುದಿಸಲು ಇಂಡಕ್ಷನ್‌ನಲ್ಲಿ ಸುಮಾರು 0.1 ಯೂನಿಟ್, ಗ್ಯಾಸಿನಲ್ಲಿ ಸುಮಾರು 10 ಗ್ರಾಂ. ಇನ್ನೂ ದೊಡ್ಡದಾಗಿ ನೋಡಿದರೆ, ಒಂದು ತುಂಬಿದ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖವಿದೆ. ಮೂರನೇ ಒಂದು ಭಾಗ ಗಾಳಿಗೆ ಹೋದ ಮೇಲೆ ಉಳಿಯುವ ಕೆಲಸವನ್ನು ಇಂಡಕ್ಷನ್ 145 ಯೂನಿಟ್ ಆಸುಪಾಸಿನಲ್ಲಿ ಮಾಡಿಬಿಡುತ್ತದೆ. ನಿಮ್ಮ ಹೆಸ್ಕಾಂ ಬಿಲ್ಲಿನ ಯೂನಿಟ್ ದರವನ್ನು 145ರಿಂದ ಗುಣಿಸಿ, ಸಿಲಿಂಡರ್ ಬೆಲೆಯ ಪಕ್ಕ ಇಡಿ. ಗೃಹಜ್ಯೋತಿ ಇರುವ ಮನೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 120, 130 ಯೂನಿಟ್ ಬಳಸುವ ಮನೆ ಇಡೀ ಅಡುಗೆಯನ್ನು ವಿದ್ಯುತ್ತಿಗೆ ಹಾಕಿದರೆ ಗೆರೆ ದಾಟುವುದು ಸುಲಭ. ಚಹಾ, ಹಾಲು, ಕುಕ್ಕರ್ ಮಾತ್ರ ಇಂಡಕ್ಷನ್ ಮೇಲೆ, ರೊಟ್ಟಿ, ಒಗ್ಗರಣೆ ಗ್ಯಾಸಿನ ಮೇಲೆ ಎಂದು ಹಂಚಿಕೊಂಡವರು ಎರಡರ ಲಾಭವನ್ನೂ ಪಡೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋದಾಗಲೂ ಊಟ ನಿಲ್ಲುವುದಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ 2,000 ವಾಟ್ ಎಳೆಯಲಾರದು ಅನ್ನುವುದು ನೆನಪಿರಲಿ. ಹೊಸ ಮನೆಗೆ ಒಲೆ ನೋಡುತ್ತಿರುವವರಿಗೆ ನಾನು ಹೇಳುವುದೂ ಇದನ್ನೇ: ಅಗಲವಾಗಿ ಜಾಗ ಬಿಟ್ಟ ಎರಡು ಅಥವಾ ಮೂರು ಬರ್ನರಿನ ಗ್ಯಾಸ್, ಜೊತೆಗೆ ಒಂಟಿ ಇಂಡಕ್ಷನ್.

ಓವನ್ ಬೇಕೇ ಬೇಡವೇ ಎನ್ನುವುದು ಆಮೇಲಿನ ಮಾತು. ಮೈಕ್ರೋವೇವ್ ಮತ್ತು ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಪೆಟ್ಟಿಗೆ) ಎರಡನ್ನೂ ಒಂದೇ ಎಂದುಕೊಳ್ಳುವವರು ಇನ್ನೂ ಇದ್ದಾರೆ. ಮೈಕ್ರೋವೇವಿನ ಅಲೆಗಳು ಆಹಾರದೊಳಗೆ ಒಂದೆರಡು ಸೆಂಟಿಮೀಟರ್ ಹೊಕ್ಕು ಅಲ್ಲಿನ ನೀರಿನ ಕಣಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತವೆ. ನೀರಿರುವವರೆಗೆ ಕಾವು ನೂರು ಡಿಗ್ರಿಯ ಹತ್ತಿರವೇ ಉಳಿಯುತ್ತದೆ, ಸುತ್ತಲಿನ ಗಾಳಿ ತಣ್ಣಗೇ ಇರುತ್ತದೆ. ಆದ್ದರಿಂದ ಬಿಸಿಯಾಗುತ್ತದೆ, ಕಂದಾಗುವುದಿಲ್ಲ. ಓಟಿಜಿಯಲ್ಲಿ ಕೆಂಪಗೆ ಕಾದ ಸರಳುಗಳ ಶಾಖವೂ, 200 ಡಿಗ್ರಿಯ ಒಣ ಗಾಳಿಯೂ ಹೊರಗಿನಿಂದ ಕೆಲಸ ಮಾಡುತ್ತವೆ. ಮೇಲ್ಮೈ ಮೊದಲು ಒಣಗುತ್ತದೆ, ಆಮೇಲೆ ಕಂದಾಗುತ್ತದೆ.

ನಮ್ಮ ಕಡೆ ಇದರ ಪರೀಕ್ಷೆ ಖಡಕ್ ರೊಟ್ಟಿಯಲ್ಲೇ ಮಾಡಬಹುದು. ಮಳೆಗಾಲದಲ್ಲಿ ಡಬ್ಬಿಯೊಳಗೂ ಮೆತ್ತಗಾದ ರೊಟ್ಟಿಯನ್ನು ಮೈಕ್ರೋವೇವಿಗೆ ಹಾಕಿದರೆ ಹೊರಬಂದ ಆವಿ ಅಲ್ಲೇ ತಣ್ಣಗಾಗಿ ಮತ್ತೆ ಕೂತು ರೊಟ್ಟಿ ಜಿಗುಟಾಗುತ್ತದೆ. ಓಟಿಜಿಯಲ್ಲಿ 100, 110 ಡಿಗ್ರಿಗೆ ಕೆಲವು ನಿಮಿಷ ಇಟ್ಟರೆ ತೇವ ಹಾರಿ ಮತ್ತೆ ಕಟಕಟ ಅನ್ನುತ್ತದೆ. ಚಟ್ನಿಗೆ ಶೇಂಗಾ ಹುರಿಯಲೂ ಓಟಿಜಿ ಒಳ್ಳೆಯದು, ಕೈ ನೋವಿಲ್ಲದೆ ಎಲ್ಲ ಕಾಳೂ ಒಂದೇ ಬಣ್ಣ. ಉಳಿದ ಸಾರು, ಪಲ್ಯ ಬಿಸಿ ಮಾಡುವುದಷ್ಟೇ ಕೆಲಸವಾದರೆ ಮೈಕ್ರೋವೇವ್ ಸಾಕು. ಎರಡೂ ಸೇರಿದ ಕನ್ವೆಕ್ಷನ್ ಮೈಕ್ರೋವೇವ್ ಜಾಗ ಕಡಿಮೆ ಇದ್ದವರಿಗೆ ಸರಿ. ಆದರೆ ಅದರೊಳಗಿನ ತಟ್ಟೆ ತಿರುಗಬೇಕಾದ್ದರಿಂದ ಚೌಕದ ಟ್ರೇ ಹಿಡಿಸದೆ ಪೇಚಾಡಬೇಕಾಗಬಹುದು.

ಯಾವುದನ್ನೇ ತಂದರೂ ಗೋಡೆಯ ಪ್ಲಗ್ ಪಾಯಿಂಟ್ ನೋಡಿಕೊಳ್ಳಿ. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರಿನ ಸಾಕೆಟ್ಟು 1,400 ವಾಟ್ ತಡೆದುಕೊಳ್ಳುವುದೇ ಕಷ್ಟ. 2,000 ವಾಟಿನ ಇಂಡಕ್ಷನ್ 9 ಆಂಪಿಯರಿನ ಹತ್ತಿರ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದಪ್ಪ ಸಾಕೆಟ್ಟು, ಅರ್ಥಿಂಗ್ ಸರಿಯಾಗಿರುವ ಬೇರೆಯೇ ತಂತಿ ಬೇಕು. ಇಂಡಕ್ಷನ್ ಮತ್ತು ಓಟಿಜಿಯನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಮೊದಲು ಕಾಯುವುದು ಬೋರ್ಡಿನ ವೈರು. ಹಳೆಯ ಮನೆಯಾದರೆ ಒಲೆ ತರುವ ವಾರ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಹೇಳಿಡಿ.