ವೀಣೆಯ ಕೊನೆಯ ಮೀಟು ಮತ್ತು ನಡುಗುವ ತಕ್ಕಡಿ

ಚಿಕ್ಕಮಗಳೂರಿನ ಬಳಿಯ ತೋಟದ ಮನೆಯೊಂದರಲ್ಲಿ, ಮಳೆ ಬಿಟ್ಟ ರಾತ್ರಿ, ವೀಣೆ ಧ್ವನಿಮುದ್ರಿಸಿಕೊಂಡು ಬಂದಿದ್ದೆ. ಪ್ರತಿ ತಲುಪಿಸಿದ ಮೇಲೆ ವೈಣಿಕರು ಫೋನ್ ಮಾಡಿದರು: "ಕೊನೆಯ ಮೀಟು ಕರಗುವಾಗ ಕರಕರ ಎನ್ನುತ್ತದಲ್ಲ, ಕೇಳಿ ನೋಡಿ." ಹೆಡ್‌ಫೋನ್ ಹಾಕಿ, ಧ್ವನಿ ಏರಿಸಿ ಕೇಳಿದೆ. ನಾದ ಮೆಲ್ಲಗೆ ಇಳಿಯದೆ ಒರಟಾಗಿ, ಥಟ್ಟನೆ ಸತ್ತಿತ್ತು. ಧ್ವನಿಯನ್ನು ಸಂಖ್ಯೆಗಳಾಗಿ ಅಳೆಯುವ ಮೆಟ್ಟಿಲುಗಳು ಎಷ್ಟು ಸಣ್ಣವು ಎಂಬುದನ್ನು ಬಿಟ್ ಹೇಳುತ್ತದೆ; ಬಿಟ್ ಹೆಚ್ಚಿದಷ್ಟೂ ಮೆಟ್ಟಿಲು ಸಣ್ಣದು. 24 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ನಾನು ಡಿದರ್ ಹಾಕಿರಲಿಲ್ಲ.

ಡಿದರ್ ಎಂದರೆ ಬೇಕೆಂದೇ ಬೆರೆಸುವ ಅತಿ ಸಣ್ಣ ಗದ್ದಲ. ಕೊಯ್ಲಿನ ಕಾಲದಲ್ಲಿ ಸಂಜೆ ಕಾಫಿ ಹಣ್ಣು ತೂಗುವುದನ್ನು ನೆನೆಯಿರಿ. ತಕ್ಕಡಿ ಪೂರ್ಣ ಕಿಲೋಗಳನ್ನಷ್ಟೇ ತೋರಿಸುತ್ತದೆ ಎಂದುಕೊಳ್ಳೋಣ. 400 ಗ್ರಾಂ ಇಟ್ಟರೆ ಎಷ್ಟು ಸಲ ತೂಗಿದರೂ ಸೊನ್ನೆಯೇ. ಅದೇ ತಕ್ಕಡಿ ಅರ್ಧ ಕಿಲೋದಷ್ಟು ಅತ್ತಿತ್ತ ಗೊತ್ತುಗುರಿಯಿಲ್ಲದೆ ನಡುಗುತ್ತಿದ್ದರೆ? ನೂರು ಸಲ ತೂಗಿದಾಗ ಸುಮಾರು 40 ಸಲ ಒಂದು, 60 ಸಲ ಸೊನ್ನೆ. ಸರಾಸರಿ ತೆಗೆದರೆ 400 ಗ್ರಾಂ ಮರಳಿ ಸಿಕ್ಕಿತು! ಇಂಥ ಸರಾಸರಿಯನ್ನು ಕಿವಿ ತಾನಾಗಿಯೇ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಅತಿ ಕೆಳಗಿನ ಮೆಟ್ಟಿಲಿಗಿಂತ ಕಿರಿದಾದ ನಾದವೂ ತೆಳುವಾದ ಗದ್ದಲದ ಒಳಗಿಂದ ಕೇಳಿಸುತ್ತದೆ. ನಡುಕವಿಲ್ಲದಿದ್ದರೆ ಅದು ಅಳಿದೇಹೋಗುತ್ತದೆ, ಇಲ್ಲವೇ ಚೌಕಾಕಾರದ ಅಲೆಯಾಗಿ ಕರ್ಕಶವಾಗುತ್ತದೆ.

16 ಬಿಟ್‌ನಲ್ಲಿ ಇಂಥ ಮೆಟ್ಟಿಲುಗಳು 65,536. 24 ಬಿಟ್‌ನಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. ಲೆಕ್ಕದಲ್ಲಿ 24 ಬಿಟ್ ಎಂದರೆ ಅತಿ ಮೆಲ್ಲಗಿನ ಧ್ವನಿಯಿಂದ ಅತಿ ಜೋರಿನದರವರೆಗೆ 144 ಡೆಸಿಬೆಲ್ ಹರವು. ಆದರೆ ಮೈಕ್‌ನ ಸಂಕೇತವನ್ನು ಸಂಖ್ಯೆಗಳಾಗಿ ಬದಲಿಸುವ ಒಳ್ಳೆಯ ಪರಿವರ್ತಕಗಳೂ ನಿಜದಲ್ಲಿ ಕೊಡುವುದು 120ರ ಆಸುಪಾಸು, ಅಂದರೆ 20 ಬಿಟ್‌ನಷ್ಟು. ಅದರ ಕೆಳಗೆ ಬಿಡಿಭಾಗಗಳ ಉಷ್ಣದಿಂದಲೇ ಹುಟ್ಟುವ ಗದ್ದಲ ತುಂಬಿರುತ್ತದೆ. ಪೆಟ್ಟಿಗೆಯ ಮೇಲಿನ ಬಿಟ್ ಸಂಖ್ಯೆ ನೋಡಿ ಹಣ ಸುರಿಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೋಣೆಯ ಮೌನಕ್ಕೆ ಖರ್ಚು ಮಾಡಿ.

ಮೈಕ್‌ನ ಸಹಜ ಸುಯ್ಯೆನ್ನುವಿಕೆಯೇ ಬಹುಪಾಲು ಡಿದರ್‌ನ ಕೆಲಸ ಮಾಡುತ್ತದೆ. ನಾನು ಅದನ್ನೂ ತಂತ್ರಾಂಶದಿಂದ ಒರೆಸಿ, ಕೊನೆಯನ್ನು ನಿಧಾನವಾಗಿ ಇಳಿಸಿದ್ದೆ. ನಡುಗಲು ಏನೂ ಉಳಿದಿರಲಿಲ್ಲ.

24 ಬಿಟ್‌ನಲ್ಲಿ ಧ್ವನಿಯ ಶಿಖರಗಳನ್ನು, ಹಿಡಿಯಬಲ್ಲ ಗರಿಷ್ಠ ಮಟ್ಟವನ್ನು ಸೊನ್ನೆ ಎಂದುಕೊಂಡು, ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ಇಡಿ, ಹೆದರಬೇಕಿಲ್ಲ. ಕಳೆಯುವುದು ಎರಡು ಮೂರು ಬಿಟ್ ಮಾತ್ರ. 16ಕ್ಕೆ ಇಳಿಸುವುದು ಎಲ್ಲ ಕೆಲಸ ಮುಗಿದ ಮೇಲೆ ಒಂದೇ ಸಲ, ಡಿದರ್‌ನೊಂದಿಗೆ. ಮೂಲ ಕಡತ ನನ್ನ ಬಳಿ ಇತ್ತು. ಸುಯ್ಯೆನ್ನುವಿಕೆಯನ್ನು ಹಾಗೆಯೇ ಬಿಟ್ಟು ಮತ್ತೆ ಮಾಡಿದೆ. ಈಗ ಆ ಮೀಟು ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಲಾಗದು.