ಥಾಯ್ ಜನರ ‘ಫೀ’

ಮೊನ್ನೆ ಇನ್ನೊಂದು ಪ್ರವಾಸದ ವಿಡಿಯೋ. ಬ್ಯಾಂಕಾಕಿನ ಹೋಟೆಲೊಂದರ ಮುಂದೆ ಕಂಬದ ಮೇಲೆ ಪುಟ್ಟ ಗುಡಿ, ಅದರೆದುರು ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ ಬಾಟಲಿ. ‘ಇದು ದೆವ್ವದ ಮನೆ’ ಅಂದುಬಿಟ್ಟರು ಪುಣ್ಯಾತ್ಮರು. ಆ ಗುಡಿ ‘ಸಾನ್ ಫ್ರ ಫೂಮ್’. ಸಾನ್ ಎಂದರೆ ಸಂಸ್ಕೃತದ ಶಾಲಾ, ಫೂಮ್ ಎಂದರೆ ಭೂಮಿ. ಒಳಗಿರುವವನು ಆ ನೆಲದ ಒಡೆಯ. ಅವನ ಜಾಗದಲ್ಲಿ ಕಟ್ಟಡ ಎಬ್ಬಿಸಿದವರು ಅವನಿಗೂ ಒಂದು ನೆಲೆ ಮಾಡಿಕೊಟ್ಟಿದ್ದಾರೆ, ಅಷ್ಟೆ.

ಈ ಗೊಂದಲದ ಮೂಲ ‘ಫೀ’ ಎಂಬ ಪದ. (‘ಫಲ’ದ ಫ, ಶಾಲೆಗೆ ಕಟ್ಟುವ ಫೀ ಅಲ್ಲ. ಥಾಯ್‌ನಲ್ಲಿ ಸ್ವರ ಬದಲಾದರೆ ಅರ್ಥವೂ ಬದಲು: ಸ್ವರ ಏರಿಸಿದರೆ ಈ ಫೀ. ಇಳಿಸಿದರೆ ಅಣ್ಣ ಅಥವಾ ಅಕ್ಕ. ಊಟ ಬಡಿಸುವವರನ್ನು ಕರೆಯುವಾಗ ಜೋಪಾನ.) ಸತ್ತು ಅಲೆಯುವವರೂ ಫೀ, ಮನೆ ಕಾಯುವ ಹಿರಿಯರೂ ಫೀ. ಎಲ್ಲಕ್ಕೂ ‘ದೆವ್ವ’ ಎಂದು ಬರೆಯುವವರು ಒಮ್ಮೆ ಮಂಗಳೂರಿಗೆ ಹೋಗಿ ಪಂಜುರ್ಲಿಯನ್ನು ದೆವ್ವ ಅಂದು ನೋಡಲಿ.

ಮೈಮೇಲೆ ಬರುವ ವಿಷಯದಲ್ಲಂತೂ ಈ ಅನುವಾದ ಪೂರ್ತಿ ಕೆಡುತ್ತದೆ. ಈಶಾನ್ಯದ ಇಸಾನ್ ಸೀಮೆಯಲ್ಲಿ ‘ಫೀ ಪೋಪ್’ ಹೊಕ್ಕರೆ ಒಳಗಿಂದಲೇ ಪಿತ್ತಜನಕಾಂಗ, ಕರುಳು ತಿನ್ನುತ್ತದೆ ಎಂಬ ನಂಬಿಕೆ. ಮಂತ್ರವಿದ್ಯೆ ಕಲಿತು ಅದರ ಕಟ್ಟುಪಾಡು ಮುರಿದವರೇ ಪೋಪ್ ಆಗುತ್ತಾರಂತೆ. ಆ ಗುಮಾನಿ ಬಿದ್ದವರನ್ನು ಊರಿನಿಂದಲೇ ಓಡಿಸಿದ್ದುಂಟು. ತಿಂದದ್ದು ಯಾರೋ, ಊರು ಬಿಟ್ಟವರು ಯಾರೋ. ಅದೇ ಇಸಾನಿನಲ್ಲಿ ‘ಫೀ ಫಾ’, ಅಂದರೆ ಆಕಾಶದ ಫೀ. ಯಾರಿಗಾದರೂ ಕಾಯಿಲೆಯಾದರೆ ‘ಖೇನ್’ ಎಂಬ ಬಿದಿರಿನ ವಾದ್ಯ ಊದಿಸಿ, ಹಾಡಿ, ಕುಣಿದು ಕರೆಯುವುದು ಇದನ್ನೇ. ಒಂದನ್ನು ಬಿಡಿಸಬೇಕು, ಇನ್ನೊಂದನ್ನು ಬರಿಸಬೇಕು.

ಥಾಯ್ ಭಾಷೆಯೂ ಇವನ್ನು ಬೆರೆಸುವುದಿಲ್ಲ. ಬೇಡದ್ದು ಹೊಕ್ಕರೆ ‘ಫೀ ಖಾವ್’. ಕರೆದು ಬರಿಸಿಕೊಂಡರೆ ‘ಖಾವ್ ಸೋಂಗ್’. ಹಾಗೆ ಮೈಯೊಡ್ಡುವವರಿಗೆ ಉತ್ತರದ ಚಿಯಾಂಗ್ ಮಾಯ್ ಕಡೆ ‘ಮಾ ಖೀ’ ಎನ್ನುತ್ತಾರೆ, ಸವಾರಿಯ ಕುದುರೆ. ‘ಮೆಟ್ಟಿಕೊಂಡಿದೆ’ ಬೇರೆ, ‘ಮೈಮೇಲೆ ಬಂದಿದೆ’ ಬೇರೆ ಎಂದು ನಮಗೆ ಅಜ್ಜಿ ಕಾಲದಿಂದ ಗೊತ್ತು. ಕೈಯಲ್ಲೇ ಇರುವ ಈ ಎರಡು ಮಾತು ಬಿಟ್ಟು ‘ದೆವ್ವ ಹಿಡಿಯಿತು’ ಎಂದೇ ಬರೆಯುವ ಹಟ ಏಕೋ!

ಬೆಳಗ್ಗೆ ನಗುನಗುತ್ತ ಮಾತಾಡಿಸಿ ಮಧ್ಯಾಹ್ನ ಉರಿದುಬೀಳುವ ಬಾಸ್‌ಗೆ ಅಲ್ಲಿಯವರು ‘ಫೀ ಖಾವ್ ಫೀ ಓಕ್’ ಅನ್ನುತ್ತಾರೆ: ಫೀ ಬಂತು, ಫೀ ಹೋಯಿತು. ಬರೀ ಮೂಡಿನ ಮಾತು. ಅದಕ್ಕೂ ‘ಅವನಿಗೆ ದೆವ್ವ ಹಿಡಿದಿದೆ’ ಎಂಬ ಸಬ್‌ಟೈಟಲ್ ಓದಿದ್ದೇನೆ.